ದುರ್ಗಿಗುಡಿ ಬರವಣಿಗೆ ಕ್ಲಾಸು, ವ್ಯಾಪಾರ ಮಾಡೋರಿಗೆ ಬೇಕೇ ಬೇಕು

ಶಿವಮೊಗ್ಗದ ದುರ್ಗಿಗುಡೀಲಿ ಭಾನುವಾರ ನಡೆಯೋ ಬಿಸಿನೆಸ್ ಬರವಣಿಗೆ ಕ್ಲಾಸಿಗೆ ಸೇರಿದ್ದೆ, ನಮ್ಮನೆ ಅಪ್ಪೆಮಿಡಿ ಉಪ್ಪಿನಕಾಯಿ ವ್ಯಾಪಾರಕ್ಕೆ ತುಂಬಾನೇ ಉಪಯೋಗ ಆಯ್ತು. "ಅತ್ಯುತ್ತಮ ಗುಣಮಟ್ಟ, ರುಚಿಕರ" ಅಂತಿದ್ದ ಪೋಸ್ಟನ್ನ ಮೇಡಂ ಪೂರ್ತಿ ಹೊಡೆದು ಹಾಕಿ, ಮಿಡಿ ಎಲ್ಲೀದು, ಯಾವಾಗ ಉಪ್ಪಿಗೆ ಹಾಕಿದ್ರಿ, ಅರ್ಧ ಕೇಜಿಗೆ ಎಷ್ಟು ಅಂತ ಕೇಳಿ ಕೇಳಿ ಬರೆಸಿದ್ರು, ಕೊನೆಗೆ "ರಿಪ್ಪನ್‌ಪೇಟೆ ಕಡೆ ಮಿಡಿ, ಏಪ್ರಿಲ್‌ನಲ್ಲಿ ಉಪ್ಪಿಗೆ ಹಾಕಿದ್ದು" ಅಂತ ಆಯ್ತು, ಓದಿದ್ರೇ ಬಾಯಲ್ಲಿ ನೀರು ಬರುತ್ತೆ! ಕನ್ನಡ ಎಸ್ಸೆಮ್ಮೆಸ್ ಒಂದಕ್ಕೆ 70 ಅಕ್ಷರ ಅಷ್ಟೇ, ಇಂಗ್ಲಿಷಲ್ಲಾದ್ರೆ 160, ಅದ್ರಲ್ಲೂ ಕೊಂಬು, ದೀರ್ಘ ಎಲ್ಲಾ ಬೇರೆ ಬೇರೆ ಎಣಿಕೆ, ಹಾಗಾಗಿ ಬೆಲೆ ಮೊದ್ಲು ಹಾಕಿ ಅಂದ್ರು. ದಿನಾ ಬೆಳಗ್ಗೆ ನಾಲ್ಕು ಸಾಲು ಬರೆದು ಗ್ರೂಪಿಗೆ ಹಾಕಿದ್ರೆ ತಿದ್ದಿ ಕೊಡ್ತಾರೆ. ರೂಮ್ ಚಿಕ್ಕದು, ಜೋರು ಮಳೆ ಬಂದ್ರೆ ಶೀಟಿನ ಸದ್ದಿಗೆ ಪಾಠ ಕೇಳಲ್ಲ. ಆದ್ರೂ ಸಾಗರ, ತೀರ್ಥಹಳ್ಳಿ ಕಡೆ ಮನೇಲೇ ಜೇನು, ಹಪ್ಪಳ ಮಾರೋರು ಖಂಡಿತ ಸೇರ್ಕೊಳ್ಳಿ.