ಧಾರವಾಡದಲ್ಲಿ ಸಾಕಿದ ನಾಯಿಗೆ ಹೊಸ ಮನೆ ಹುಡುಕಿಕೊಡುವವರು: ನಮ್ಮ ಮೋತಿಯ ಅನುಭವ

ಸಾಕಿದ ನಾಯಿಯನ್ನು ಬೇರೆಯವರಿಗೆ ಕೊಡಲೇಬೇಕಾದ ಪರಿಸ್ಥಿತಿ ಬಂದು, ಯಾರನ್ನು ಕೇಳಬೇಕು ಅಂತ ಗೊತ್ತಾಗದೆ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲಗೇರಿ ಕಡೆ ಒಬ್ಬ ನಿವೃತ್ತ ಶಿಕ್ಷಕಿ ತಮ್ಮ ಮನೆಯಿಂದಲೇ ಈ ಕೆಲಸ ಮಾಡುತ್ತಾರೆ. ಬೋರ್ಡ್ ಇಲ್ಲ. ನಾಯಿ ಡಾಕ್ಟರ ಹತ್ತಿರ ಕೇಳಿದರೆ ನಂಬರ್ ಸಿಗುತ್ತದೆ. ಎಲ್ಲರೂ ಅವರನ್ನು ಅಕ್ಕಾರು ಅಂತಲೇ ಕರೆಯುತ್ತಾರೆ. ಹೆಸರು, ವಿಳಾಸ ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ. ಹಾಕಿದರೆ ಜನ ರಾತ್ರಿ ಬಂದು ಗೇಟಿಗೆ ನಾಯಿ ಕಟ್ಟಿ ಹೋಗುತ್ತಾರಂತೆ.

ನಮ್ಮ ಮೋತಿ ಲ್ಯಾಬ್ರಡಾರ್. ಏಳು ವರ್ಷ. ಅಪ್ಪ ತಂದು ಸಾಕಿದ್ದು. ಅಪ್ಪ ತೀರಿಕೊಂಡ ಮೇಲೆ ಮಾಳಮಡ್ಡಿ ಮನೆಯಲ್ಲಿ ಅವ್ವ ಮತ್ತು ಮೋತಿ ಇಬ್ಬರೇ ಉಳಿದರು. ಅವ್ವನಿಗೆ ಮೊಣಕಾಲು ನೋವು ಜಾಸ್ತಿ. ಅಷ್ಟು ದೊಡ್ಡ ನಾಯಿ ಚೈನ್ ಎಳೆದರೆ ನಿಲ್ಲೋಕೆ ಆಗಲ್ಲ. ಅಣ್ಣ ಅವ್ವನನ್ನು ಪುಣೆಗೆ ಕರೆದ, ಆದರೆ ಅವನ ಮಗಳಿಗೆ ಆಸ್ತಮಾ, ಅಲ್ಲಿ ನಾಯಿ ಇಡೋಕೆ ಆಗಲ್ಲ. ನಾನು ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಒಂದು ಬಾಡಿಗೆ ರೂಮಿನಲ್ಲಿದ್ದೇನೆ. ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರೋದು ರಾತ್ರಿ.

ಮೊದಲು ಬೇರೆ ಕಡೆ ಒಂದು ಆಶ್ರಯಕ್ಕೆ ಫೋನ್ ಮಾಡಿದ್ದೆ. ಆ ಕಡೆಯವರು ನನ್ನ ಮಾತು ಪೂರ್ತಿ ಕೇಳಲೂ ಇಲ್ಲ. "ಸಾಕೋಕೆ ಆಗದವರು ಯಾಕೆ ತಂದ್ರಿ?" ಅಂತ ಬೈದು ಇಟ್ಟರು. ಪಕ್ಕದಲ್ಲೇ ಕೂತಿದ್ದ ಅವ್ವನಿಗೂ ಅದು ಕೇಳಿಸಿತು. ಆಮೇಲೆ ಸುಮಾರು ದಿನ ಈ ವಿಷಯ ಎತ್ತಲು ಅವ್ವ ಬಿಡಲಿಲ್ಲ. ನೆಂಟರೊಬ್ಬರು "ಹೊಲದಾಗ ಬಿಟ್ಟ ಬರ್ರಿ, ಹೆಂಗರ ಬದಕತೈತಿ" ಅಂದರು. ಹಾಸಿಗೆ ಮೇಲೆ ಮಲಗಿ ಬೆಳೆದ ನಾಯಿ ಬೀದಿ ನಾಯಿಗಳ ಮಧ್ಯೆ ಹೇಗೆ ಬದುಕುತ್ತೆ? ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಹೆಚ್ಚೆಂದರೆ 50 ರೂಪಾಯಿ, ಅಷ್ಟಕ್ಕೆ ಯಾರು ತಾನೇ ಹೆದರುತ್ತಾರೆ?

ಅಕ್ಕಾರು ಯಾಕೆ ಕೊಡ್ತೀರಿ ಅಂತ ಮೊದಲು ಕೇಳಲಿಲ್ಲ. ಚಹಾ ಕೊಟ್ಟು, ಅವ್ವನ ಎದುರು ಒಂದು ನೋಟ್‌ಬುಕ್ ತೆಗೆದು, "ಅವ್ವಾರ, ನಿಮ್ಮ ಮೋತಿ ಹೆಂಗ ಊಟ ಮಾಡ್ತಾನ ಹೇಳ್ರಿ" ಅಂದರು. ಅವ್ವ ಬಾಯಿ ಬಿಟ್ಟಳು. ಬಿಸಿ ರೊಟ್ಟಿ ಮುಟ್ಟಲ್ಲ, ಆರಿದ ಜೋಳದ ರೊಟ್ಟಿ ಹಾಲಿನಲ್ಲಿ ಮುರಿದು ಹಾಕಿದರೆ ತಟ್ಟೆ ನೆಕ್ಕುತ್ತಾನೆ. ಗುಡುಗಿದರೆ ದೇವರ ಮನೆ ಬಾಗಿಲಲ್ಲಿ ಮುದುಡಿ ಮಲಗುತ್ತಾನೆ. ಉಣ್ಣುವಾಗ ತಟ್ಟೆ ಮುಟ್ಟಿದರೆ ಗುರ್ ಅಂತಾನೆ, ಕಚ್ಚಿಲ್ಲ. ಅಪ್ಪನ ಹಳೆ ಸ್ಕೂಟರಿನಂಥ ಸದ್ದು ರಸ್ತೆಯಲ್ಲಿ ಕೇಳಿದರೆ ಇವತ್ತಿಗೂ ಗೇಟಿಗೆ ಓಡುತ್ತಾನೆ. ಇದನ್ನು ಹೇಳಿ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇದೂ ಬರೀಬೇಕನ್ರಿ?" ಅಂದಳು. "ಬರೀಲೇಬೇಕ್ರಿ. ಹೊಸ ಮನಿಯವರಿಗೆ ಗೊತ್ತಿರಲಿಲ್ಲಂದ್ರ ಇದು ಓಡಿ ಹೋಗೂ ನಾಯಿ ಅಂತಾರ" ಅಂದರು ಅಕ್ಕಾರು.

ಇವರ ಕೆಲಸದ ಗುಟ್ಟು ಇದೇ ಅಂತ ನನಗೆ ಅನಿಸಿದ್ದು ಅಲ್ಲಿ. ಬೈಸಿಕೊಂಡವರು ನಾಯಿಯ ಬಗ್ಗೆ ನಿಜ ಹೇಳಲ್ಲ. ಗುರ್ ಅನ್ನೋದನ್ನು ಮುಚ್ಚಿಡುತ್ತಾರೆ, ಇಲ್ಲಾ ಸುಮ್ನೆ ಎಲ್ಲೋ ಬಿಟ್ಟುಬರುತ್ತಾರೆ. ಸಮಾಧಾನದಿಂದ ಕೇಳಿದರೆ ಎಲ್ಲಾ ಹೇಳುತ್ತಾರೆ. ಆ ಮಾಹಿತಿ ಇದ್ದರೆ ತಾನೇ ನಾಯಿಗೆ ಹೊಂದುವ ಮನೆ ಸಿಗೋದು?

ಮನೆ ಹುಡುಕುವುದರಲ್ಲೂ ಅವರು ಬಿಗಿ. ಪುಕ್ಕಟೆ ಲ್ಯಾಬ್ರಡಾರ್ ಅಂದ ಕೂಡಲೇ ಮರಿ ಹಾಕಿಸಿ ಮಾರುವವರೂ ಕೇಳಿಕೊಂಡು ಬರುತ್ತಾರೆ. ಅದಕ್ಕೇ ಸಂತಾನಹರಣ ಆಪರೇಷನ್ ಆಗದ ನಾಯಿಯನ್ನು ಅವರು ಯಾರಿಗೂ ಒಪ್ಪಿಸುವುದಿಲ್ಲ. ಗೋದಾಮು ಕಾಯಲು ಬೇಕು ಅಂದವರಿಗೆ ನೇರವಾಗಿ ಇಲ್ಲ ಅಂದರು. ಕೊನೆಗೆ ಗದಗಿನ ಒಂದು ಕುಟುಂಬ ಒಪ್ಪಿಗೆಯಾಯಿತು. ಅಕ್ಕಾರು ಅಲ್ಲಿಗೇ ಹೋಗಿ ಕಾಂಪೌಂಡ್ ನೋಡಿದರು, ಮನೆಯ ಎಲ್ಲರನ್ನೂ ಕೂರಿಸಿ ಮಾತಾಡಿದರು. ಹೊಂದಲಿಲ್ಲ ಅಂದರೆ ನಾಯಿ ಅಕ್ಕಾರ ಮನೆಗೇ ವಾಪಸ್ ಬರಬೇಕು, ಬೇರೆ ಯಾರಿಗೂ ಕೊಡುವಂತಿಲ್ಲ ಅಂತ ಬರೆಸಿಕೊಂಡರು. ನಮ್ಮಿಂದ ಫೀಸ್ ತೆಗೆದುಕೊಳ್ಳಲಿಲ್ಲ. ಆಪರೇಷನ್, ಇಂಜೆಕ್ಷನ್ ಖರ್ಚು ಮಾತ್ರ ನಮ್ಮದು.

ಕಳಿಸುವಾಗ ಅವ್ವನ ಒಂದು ಹಳೆ ಸೀರೆ ಕೇಳಿದರು, ಒಗೆಯದೆ ಕೊಡಿ ಅಂದರು. ಪರಿಚಿತ ವಾಸನೆ ಇದ್ದರೆ ಹೊಸ ಜಾಗದಲ್ಲಿ ನಾಯಿಗೆ ಧೈರ್ಯ. ರೇಬಿಸ್ ಇಂಜೆಕ್ಷನ್ ಬರೆದ ಪುಸ್ತಕ, ತಟ್ಟೆ, ಚೈನ್ ಎಲ್ಲಾ ಜೊತೆಗೆ ಹೋಯಿತು. ನಾಯಿ ಕೆಲಸದಲ್ಲಿರುವವರು 3 ದಿನ, 3 ವಾರ, 3 ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ. ಮೊದಲ 3 ದಿನ ಭಯ, 3 ವಾರಕ್ಕೆ ಮನೆಯ ರೂಢಿ ತಿಳಿಯುತ್ತೆ, 3 ತಿಂಗಳಿಗೆ ಇದು ನನ್ನ ಮನೆ ಅನಿಸುತ್ತೆ. ಪ್ರತಿ ನಾಯಿಗೂ ಹಾಗೇ ಆಗಬೇಕು ಅಂತಿಲ್ಲ, ಆದರೆ ಮೊದಲ ವಾರ ಊಟ ಬಿಟ್ಟರೆ ಗಾಬರಿ ಆಗಬೇಡಿ ಅಂತ ತಿಳಿಸೋಕೆ ಅದು ಸಾಕು. ಮೋತಿಯೂ ಮೊದಮೊದಲು ಸರಿಯಾಗಿ ಉಣ್ಣಲಿಲ್ಲ.

ಬೇಸರವಾದ ಒಂದು ಸಂಗತಿ ಇದೆ. ಒಂದು ತಿಂಗಳು ಹೋಗಿ ನೋಡುವಂತಿಲ್ಲ, ವಿಡಿಯೋ ಕಾಲ್ ಕೂಡ ಇಲ್ಲ ಅನ್ನೋದು ಅವರ ನಿಯಮ. ನಮ್ಮ ದನಿ ಕೇಳಿದರೆ ನಾಯಿ ಮತ್ತೆ ಹುಡುಕಾಡುತ್ತೆ ಅಂತಾರೆ, ಅದು ಸರಿಯೇ. ಆದರೆ ಇದನ್ನು ಹೇಳಿದ್ದು ಮೋತಿ ಕಾರು ಹತ್ತಿದ ಮೇಲೆ. ದಿನಾ ಫೋನಿನಲ್ಲಿ ಮಾತಾಡಿಸಬಹುದು ಅಂದುಕೊಂಡಿದ್ದ ಅವ್ವ ಅಲ್ಲೇ ಗೇಟು ಹಿಡಿದು ಕುಸಿದಳು. ಇಂಥದ್ದನ್ನು ಮೊದಲ ದಿನವೇ ಹೇಳಬೇಕು ಅಲ್ವಾ? ನಾನು ಹೇಳಿದ ಮೇಲೆ ಫಾರ್ಮಿನ ಮೊದಲ ಪುಟದಲ್ಲೇ ಬರೆಯುತ್ತೇನೆ ಅಂದಿದ್ದಾರೆ. ಫೋಟೋ ಮಾತ್ರ ತಪ್ಪದೆ ಬರುತ್ತಿವೆ. ಅವ್ವ ಈಗ ಪುಣೆಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಅವಳದು ಕೀಪ್ಯಾಡ್ ಫೋನ್, ಹಾಗಾಗಿ ಅಣ್ಣನ ಮೊಬೈಲಿಗೆ ಕಳಿಸಿ ತೋರಿಸುತ್ತೇನೆ.

ನಾಳೆಯೇ ಕೊಡಬೇಕು ಅನ್ನುವವರಿಗೆ ಇವರಿಂದ ಆಗಲ್ಲ, ಮನೆ ಸಿಗಲು ವಾರಗಟ್ಟಲೆ ಹಿಡಿಯುತ್ತದೆ. ಊರು ಬಿಡುವ ಯೋಚನೆ ಬಂದಾಗಲೇ ಮಾತಾಡಿ. ಸಂಜೆ ಫೋನ್ ಮಾಡಿ, ಬೆಳಿಗ್ಗೆ ನಾಯಿಗಳಿಗೆ ಊಟ ಹಾಕುವ ಹೊತ್ತು. ಹೋಗುವಾಗ ನಾಯಿಗೆ ದಿನಾ ತಿನ್ನಿಸಿದವರನ್ನೇ ಕರೆದುಕೊಂಡು ಹೋಗಿ, ಆ ನೋಟ್‌ಬುಕ್ಕಿಗೆ ಹೇಳಬೇಕಾದದ್ದು ಅವರಿಗೇ ಗೊತ್ತಿರುತ್ತೆ.