ಮೂರು ಬೆಕ್ಕಿಗೆ ಯಾವ ಲಿಟರ್ ಬಾಕ್ಸ್? 28 ಸಾವಿರ ಕಳ್ಕೊಂಡು ಸ್ಟೀಲ್‌ಗೆ ಬಂದೆ

ನಮ್ಮದು ಬೆಂಗಳೂರಲ್ಲಿ ಎರಡು ಬೆಡ್‌ರೂಮ್ ಫ್ಲ್ಯಾಟು, ಬೆಕ್ಕು ಮೂರು. ಗುಂಡ (5.8 ಕೆಜಿ, ಹೆಸರಿಗೆ ತಕ್ಕಂಗೇ ಇದಾನೆ), ಸುಬ್ಬಿ, ಮಿಣಿ. ನಾವಿಬ್ರೂ ಕೆಲ್ಸಕ್ಕೆ ಹೋಗೋರು, ಸಂಜೆ ಬಾಗಿಲು ತೆಗೆದ ತಕ್ಷಣ ಉಚ್ಚೆ ಘಾಟು ಮೂಗಿಗೆ ಹೊಡೀತಿತ್ತು. ಅಮ್ಮ ಬಂದಾಗೆಲ್ಲ ಒಂದೇ ಮಾತು, "ಊರಲ್ಲಿ ಬೆಕ್ಕು ಹಿತ್ತಲಿಗೆ ಹೋಗಿ ಮಣ್ಣು ಕೆದಕಿ ಮುಚ್ಚಿ ಬರ್ತಿತ್ತು, ನೀನು ದುಡ್ಡು ಕೊಟ್ಟು ಮಣ್ಣು ತರ್ತೀಯಲ್ಲೇ". ತಪ್ಪೇನಿಲ್ಲ, ಲಿಟರ್ ಬಾಕ್ಸ್ ಅಂದ್ರೆ ಬೆಕ್ಕಿನ ಕಕ್ಕಸು ಡಬ್ಬ, ಅದಕ್ಕೆ ಹಾಕೋ ಲಿಟರ್ ಬೆಂಟೊನೈಟು, ಉಚ್ಚೆ ತಾಗಿದ್ರೆ ಉಂಡೆ ಕಟ್ಟುತ್ತೆ, ಅದೂ ಜೇಡಿಮಣ್ಣೇ, ಕಛ್ ಕಡೆಯಿಂದೆಲ್ಲ ಬರುತ್ತೆ.

ಮೊದ್ಲು ಇದ್ದಿದ್ದು ಮುಚ್ಚಳ, ಸ್ವಿಂಗ್ ಬಾಗಿಲು ಇರೋ ಪ್ಲಾಸ್ಟಿಕ್ ಬಾಕ್ಸು. ನೋಡೋಕೆ ಚೆಂದ, ವಾಸನೆ ಹೊರಗೆ ಕಮ್ಮಿ ಬರುತ್ತೆ, ಆದ್ರೆ ಮಿಕ್ಕಿದ್ದೆಲ್ಲ ಒಳಗೇ ಕೂತಿರುತ್ತೆ, ಕುಡಿಯೋದು ಬೆಕ್ಕು. ಅದೂ ಅಲ್ದೆ ಬಾಗಿಲು ಒಂದೇ, ಮಿಣಿ ಒಳಗೆ ಹೋದ್ರೆ ಗುಂಡ ಹೊರಗೆ ಹೊಂಚು ಹಾಕಿ ಕೂತ್ಕೋತಿದ್ದ, ಅವಳು ಹೆದರ್ಕೊಂಡು ಕಾಲೊರೆಸೋ ಮ್ಯಾಟ್ ಮೇಲೆ ಮಾಡೋಕೆ ಶುರು ಮಾಡಿದ್ಲು. ಒಂದಕ್ಕಿಂತ ಜಾಸ್ತಿ ಬೆಕ್ಕಿರೋ ಮನೆಗೆ ಮುಚ್ಚಿರೋದು ಬೇಡ್ವೇ ಬೇಡ.

ಆಮೇಲೆ ತಗೊಂಡಿದ್ದು ಆಟೋಮ್ಯಾಟಿಕ್. ಕಂಪನಿ ಹೆಸರು ಹೇಳಲ್ಲ, 28 ಸಾವಿರ. ಕಾಂಕ್ರೀಟ್ ಮಿಕ್ಸರ್ ಥರ ಒಂದು ಡ್ರಮ್ಮು, ಬೆಕ್ಕು ಹೊರಗೆ ಬಂದು ಕೆಲವು ನಿಮಿಷ ಆದ್ಮೇಲೆ ತಿರುಗುತ್ತೆ, ಜರಡಿಯಲ್ಲಿ ಉಂಡೆಗಳು ನಿಂತು ಕೆಳಗಿನ ಡ್ರಾಯರ್‌ಗೆ ಬೀಳುತ್ತೆ. ಮೊದಲ ವಾರ ನಾನು ಫೋನ್ ಮಾಡಿ ಮಾಡಿ ಎಲ್ರಿಗೂ ಹೇಳಿದ್ದೇ ಹೇಳಿದ್ದು.

ಎರಡನೇ ವಾರದಿಂದ ಬಣ್ಣ ಬಯಲಾಯ್ತು. ಎರಡು ವಾರಕ್ಕೊಂದ್ಸಲ ಖಾಲಿ ಮಾಡಿದ್ರೆ ಸಾಕು ಅಂತ ಹಾಕಿರೋದು ಒಂದು ಬೆಕ್ಕಿನ ಲೆಕ್ಕ, ಮೂರಕ್ಕೆ ನಾಲ್ಕೇ ದಿನ. ಸುಬ್ಬಿಗೆ ಹೊಟ್ಟೆ ಕೆಟ್ಟಿತ್ತು, ಡ್ರಮ್ಮು ತನ್ನ ಕೆಲಸ ತಾನು ಮಾಡ್ತು, ತಿರುಗಿ ತಿರುಗಿ ಅದನ್ನ ಒಳಗಡೆ ಪೂರ್ತಿ ಗೋಡೆಗೆ ಸಗಣಿ ಸಾರಿಸಿದಂಗೆ ಸಾರಿಸಿತ್ತು, ಜರಡಿ ಸಂದಿಯಿಂದ ಹಳೇ ಟೂತ್‌ಬ್ರಷ್ ಹಾಕಿ ಉಜ್ಜಿ ತೆಗೆಯೋಕೆ ನಂಗೆ ಮುಕ್ಕಾಲು ಗಂಟೆ. ಇನ್ನೊಂದಿನ ತಿರುಗ್ತಾ ಇರೋವಾಗ್ಲೇ ಕರೆಂಟ್ ಹೋಯ್ತು, ಬಾಯಿ ಮೇಲಕ್ಕೆ ಮಾಡ್ಕೊಂಡು ನಿಂತ್ಬಿಡ್ತು, ನಾವು ಆಫೀಸಲ್ಲಿ. ಮತ್ತೆ ಮ್ಯಾಟ್ ಗತಿ ಅಷ್ಟೇ.

ಆದ್ರೂ ಇಟ್ಕೋತಿದ್ನೇನೋ. ಮನಸ್ಸು ಬದಲಾಗಿದ್ದು ಗುಂಡನಿಂದ. ಡ್ರಮ್ಮು ತೊಳೆದು ಒಣಗೋಕೆ ಇಟ್ಟಿದ್ದ ದಿನ ಹಳೇ ಟ್ರೇ ಹಾಕಿದ್ದೆ, ಸಂಜೆ ನೋಡಿದ್ರೆ ಗೋಲಿ ಸೈಜಿನ ಏಳೆಂಟು ಉಂಡೆ, ಮಾಮೂಲಿ ಅವನ ಉಂಡೆ ಮುಷ್ಟಿ ಗಾತ್ರ ಇರುತ್ತೆ. ಪದೇ ಪದೇ ಹೋಗಿ ಕೂರ್ತಿದ್ದ, ಹನಿ ಹನಿ ಬರ್ತಿತ್ತು. ಅವತ್ತೇ ಡಾಕ್ಟರ್ ಹತ್ರ ಓಡಿದ್ವಿ, ಮೂತ್ರದಲ್ಲಿ ಹರಳು. ಗಂಡು ಬೆಕ್ಕಿಗೆ ಮೂತ್ರನಾಳ ಸಣ್ಣ, ಪೂರ್ತಿ ಕಟ್ಕೊಂಡ್ರೆ ಒಂದೆರಡು ದಿನದಲ್ಲಿ ಜೀವಕ್ಕೇ ಕುತ್ತು. ಡ್ರಮ್ಮಲ್ಲಿ ಎಲ್ಲಾ ಡ್ರಾಯರ್‌ಗೆ ಬಿದ್ದು ಕಲಸಿ ಹೋಗಿರುತ್ತೆ, ಏನು ಕಾಣುತ್ತೆ? ಆ್ಯಪ್‌ನಲ್ಲಿ ಯಾರು ಎಷ್ಟು ಸಲ ಹೋದ್ರು ಅಂತ ತೂಕದ ಮೇಲೆ ತೋರಿಸುತ್ತೆ, ನಿಜ, ಆದ್ರೆ ಸುಬ್ಬಿ 3.9 ಕೆಜಿ, ಮಿಣಿ 4.1, ಅದಕ್ಕೆ ಇಬ್ರೂ ಒಂದೇ. ಹೋದ್ರು ಅಂತ ಹೇಳುತ್ತೆ, ಎಷ್ಟು ಬಂತು ಅಂತ ಹೇಳಲ್ಲ.

ಈಗ ಇರೋದು ಸ್ಟೀಲ್. ಎರಡು ತೆರೆದ ಟ್ರೇ, ಮೂಲೆ ದುಂಡಗಿರೋದು, 60 ಸೆಂಮೀ ಉದ್ದ, 15 ಸೆಂಮೀ ಆಳ. ಪ್ಲಾಸ್ಟಿಕ್ ಉಗುರಿಂದ ಗೀರು ಬಿದ್ದು ಬಿದ್ದು ಗೀರಲ್ಲೇ ವಾಸನೆ ಹಿಡ್ಕೊಳ್ಳುತ್ತೆ, ಎಷ್ಟು ತಿಕ್ಕಿದ್ರೂ ಹೋಗಲ್ಲ, ಸ್ಟೀಲ್‌ಗೆ ಅದಿಲ್ಲ, ಉಂಡೆ ತಳಕ್ಕೆ ಅಂಟಿದ್ರೂ ಸ್ಕೂಪ್ ತಗುಲಿಸಿದ್ರೆ ಕಳಚ್ಕೊಂಡು ಬರುತ್ತೆ. ಸುತ್ತ ಪ್ಲಾಸ್ಟಿಕ್ ಗೋಡೆ ಕ್ಲಿಪ್ ಮಾಡೋ ಥರದ್ದು ಬರುತ್ತೆ, ಅದು ತಗೋಬೇಡಿ. ಗುಂಡ ನಿಂತ್ಕೊಂಡೇ ಉಚ್ಚೆ ಹೊಯ್ಯೋನು, ಗೋಡೆಗೆ ಹೊಡೆದಿದ್ದು ಸಂದಿಯಿಂದ ಇಳಿದು ಟೈಲ್ಸ್ ಮೇಲೆ. ಅವನಿಗೆ ಬಟ್ಟೆ ಇಡೋ ದೊಡ್ಡ ಸ್ಟೋರೇಜ್ ಬಾಕ್ಸು, 40 ಸೆಂಮೀ ಎತ್ತರದ್ದು, ಒಂದು ಕಡೆ ಕಾಯಿಸಿದ ಚಾಕುವಲ್ಲಿ ಯು ಆಕಾರಕ್ಕೆ ಕೊಯ್ದು ಕೊಟ್ಟಿದೀನಿ. ಅದು ಪ್ಲಾಸ್ಟಿಕ್ಕೇ, ವರ್ಷಕ್ಕೊಂದು ಬದಲಾಯಿಸೋದು, 900 ರೂಪಾಯಿ.

ಬೆಕ್ಕು ಎಷ್ಟಿದ್ಯೋ ಅದಕ್ಕಿಂತ ಒಂದು ಜಾಸ್ತಿ ಬಾಕ್ಸ್ ಇಡಿ ಅಂತಾರೆ, ನಮ್ಮನೇಲಿ ನಾಲ್ಕಕ್ಕೆ ಜಾಗ ಇಲ್ಲ, ಮೂರೇ. ಆದ್ರೆ ಬೇರೆ ಬೇರೆ ಕಡೆ ಇಟ್ಟಿದೀನಿ, ಒಂದು ಯುಟಿಲಿಟೀಲಿ, ಒಂದು ಹಾಲ್ ಮೂಲೇಲಿ, ಒಂದು ಬಾತ್‌ರೂಮಲ್ಲಿ. ಸಾಲಾಗಿ ಇಟ್ರೆ ಬೆಕ್ಕಿನ ಲೆಕ್ಕದಲ್ಲಿ ಅದೆಲ್ಲ ಒಂದೇ. ಬೆಳಿಗ್ಗೆ ಕಾಫಿಗೆ ಹಾಲು ಕಾಯೋಷ್ಟರಲ್ಲಿ ಒಂದು ಸಲ, ರಾತ್ರಿ ಒಂದು ಸಲ ತೆಗೀತೀನಿ, ಪೇಪರಲ್ಲಿ ಸುತ್ತಿ ಕಸಕ್ಕೆ. ಕಮೋಡ್‌ಗೆ ಮಾತ್ರ ಸುರೀಬೇಡಿ, ಆ ಮಣ್ಣು ನೀರು ಕುಡಿದು ಊದ್ಕೊಂಡು ಪೈಪ್ ಕಟ್ಟುತ್ತೆ.

ಸ್ಟೀಲಿಗೆ ಒಂದೇ ದೂರು, ಸದ್ದು. ತೆಳ್ಳಗೆ ಲಿಟರ್ ಹಾಕಿದ್ರೆ ಉಗುರು ತಳಕ್ಕೆ ತಾಗಿ ಪರ್ ಪರ್ ಅಂತ ಕೆರೆಯುತ್ತೆ. ಈಗ ನಾಲ್ಕು ಬೆರಳು ದಪ್ಪ ಹಾಕಿ, ಅಡಿಗೆ ಹಳೇ ಯೋಗ ಮ್ಯಾಟ್ ಕತ್ತರಿಸಿ ಹಾಸಿದೀನಿ. ಅದಕ್ಕೂ ಮುಂಚೆ ಕೆಳಗಿನ ಮನೆ ಆಂಟಿ ಲಿಫ್ಟಲ್ಲಿ ಸಿಕ್ಕಿ ಕೇಳಿದ್ರು, "ಏನಮ್ಮಾ, ರಾತ್ರಿ ಮೂರು ಗಂಟೆಗೆ ದೋಸೆ ಕಾವಲಿ ಕೆರೀತೀರಾ?"