ಗ್ರಾಂಟ್ ಕೊಡ್ತೀವಿ ಅಂತ ನನ್ನಿಂದಲೇ 11,800 ಕಿತ್ತರು. ಫ್ರೀಲ್ಯಾನ್ಸ್ ಪತ್ರಕರ್ತರು ದಯವಿಟ್ಟು ಓದಿ

ಬರೆಯೋಕೆ ನಾಚಿಕೆ ಆಗ್ತಿದೆ. 'ವಾಟ್ಸಾಪ್ ನಂಬಿ ಹಣ ಕಳೆದುಕೊಂಡ ಶಿಕ್ಷಕಿ' ಅಂತ ಎಷ್ಟು ಹೆಡ್ಡಿಂಗ್ ಕೊಟ್ಟಿದ್ದೇನೋ ಲೆಕ್ಕ ಇಲ್ಲ. ಈಗ ಆ ಶಿಕ್ಷಕಿ ನಾನೇ.

ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ದೊಡ್ಡ ವರದಿ ಮಾಡಬೇಕು ಅಂತ ಎರಡು ವರ್ಷದಿಂದ ಓಡಾಡುತ್ತಿದ್ದೇನೆ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನು ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಬರುತ್ತದೆ. ಅದೇ ಹೊಲಕ್ಕೆ ಕಡ್ಲೆಕಾಯಿ ಕೀಳಲು ಹೋಗುತ್ತಿದ್ದ ಕೂಲಿಯವರಿಗೆ? ಅವರ ಹೆಸರಲ್ಲಿ ಪಹಣಿ ಇಲ್ಲ, ಗುತ್ತಿಗೆ ಹಣವೂ ಇಲ್ಲ. ಇದನ್ನು ಬರೆಯಲು ಪಾರ್ಕ್ ಇರುವ ತಿರುಮಣಿ ಕಡೆ ಹತ್ತು ಸಲವಾದರೂ ಹೋಗಬೇಕು. ಪತ್ರಿಕೆಯವರು ಒಂದು ಲೇಖನಕ್ಕೆ ಎಷ್ಟು ಕೊಡ್ತಾರೆ ಅಂತ ನಿಮಗೆ ಗೊತ್ತಲ್ಲ. ಅದಕ್ಕೇ ಗ್ರಾಂಟ್ ಹುಡುಕಿದ್ದು.

ಒಂದು 'ಫೌಂಡೇಶನ್' ಸಿಕ್ಕಿತು. ಹೆಸರು ಹಾಕಲ್ಲ, ಹೇಗೂ ಅವರು ನಾಳೆ ಹೆಸರು ಬದಲಾಯಿಸ್ತಾರೆ. ನಾಲ್ಕು ಪುಟದ ಪ್ರಪೋಸಲ್, ಬಜೆಟ್ ಎಲ್ಲ ಕಳಿಸಿದೆ. ಹತ್ತು ದಿನಕ್ಕೆ ವಿಡಿಯೋ ಸಂದರ್ಶನ. ಮಾತಾಡಿದ ಮನುಷ್ಯ ಎಷ್ಟು ಚೆನ್ನಾಗಿ ಕೇಳಿದ ಅಂದ್ರೆ, ನಮ್ಮ ಯಾವ ಸಂಪಾದಕರೂ ನನ್ನನ್ನು ಅಷ್ಟು ಕೇಳಿಲ್ಲ. ಕೂಲಿಯವರು ಈಗ ಎಲ್ಲಿಗೆ ದುಡಿಯಲು ಹೋಗ್ತಾರೆ, ಹೆಂಗಸರು ಏನು ಮಾಡ್ತಾರೆ. ನಾನು ಕರಗಿಹೋದೆ. ಮರುದಿನ ಲೆಟರ್‌ಹೆಡ್ಡಿನ ಮೇಲೆ ಪತ್ರ: 3 ಲಕ್ಷ ಮಂಜೂರು.

ಅದರ ಹಿಂದೆಯೇ ಇನ್ನೊಂದು ಮೇಲ್. 'ಕಂಪ್ಲಯನ್ಸ್ ಫೀ' 10,000, ಅದರ ಮೇಲೆ 18% ಜಿಎಸ್‌ಟಿ. ಒಟ್ಟು 11,800. ಯಾಕೆ ಅಂತ ಕೇಳಿದೆ. 'ಮೇಡಂ, ಹಣ ವಿದೇಶದಿಂದ ಬರ್ತಿದೆ, ಎಫ್‌ಸಿಆರ್‌ಎ ಕ್ಲಿಯರ್ ಮಾಡಬೇಕು' ಅಂದರು. ನಾನು ಬಿದ್ದಿದ್ದು ಇಲ್ಲೇ. ಎಫ್‌ಸಿಆರ್‌ಎ ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. 2010ರ ಆ ಕಾಯ್ದೆಯ 3ನೇ ಕಲಂನಲ್ಲಿ ಪತ್ರಿಕೆಯ ವರದಿಗಾರರು, ಅಂಕಣಕಾರರು, ಸಂಪಾದಕರು ವಿದೇಶಿ ದೇಣಿಗೆ ತಗೊಳ್ಳುವಂತಿಲ್ಲ ಅಂತ ಇರೋದು ನಿಜ. ಅದು ನನಗೆ ಅರ್ಧಂಬರ್ಧ ಗೊತ್ತಿತ್ತು, ಭಯವೂ ಇತ್ತು. ಅರ್ಧ ಗೊತ್ತಿರೋರನ್ನೇ ಇವರು ಹಿಡಿಯೋದು. ಹತ್ತು ಸಾವಿರ ಕಟ್ಟಿದರೆ ಕಾಯ್ದೆ ಕ್ಲಿಯರ್ ಆಗುತ್ತಾ? ಈಗ ಕೇಳ್ತೀನಿ. ಆಗ ಕೇಳಲಿಲ್ಲ.

ಅವರು ಕಳಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಯಾವುದೋ 'ಎಂಟರ್‌ಪ್ರೈಸಸ್' ಅಂತ ಹೆಸರು ಬಂತು. ಬೆರಳು ನಿಂತಿತು. ಕೇಳಿದೆ. 'ಅದು ನಮ್ಮ ಪೇಮೆಂಟ್ ಪಾರ್ಟ್ನರ್ ಮೇಡಂ. ನಿಮ್ಮಂಥ ಸೀನಿಯರ್‌ಗಳೇ ಅನುಮಾನ ಪಟ್ಟರೆ ಹೇಗೆ?' ಸೀನಿಯರ್ ಅಂದುಬಿಟ್ಟರಲ್ಲ! ಪಿನ್ ಒತ್ತಿದೆ.

ನಾಲ್ಕನೇ ದಿನ 'ಲೀಗಲ್ ವೆಟಿಂಗ್' ಅಂತ 17,700. ಆಗ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಮಂಜೂರಾದ ಹಣದಲ್ಲೇ ಹಿಡಿದುಕೊಳ್ಳಿ ಅಂದೆ. 'ನಮ್ಮ ಸಿಸ್ಟಮ್‌ನಲ್ಲಿ ಅದು ಬರಲ್ಲ ಮೇಡಂ.' ಮೊದಲು ಕಟ್ಟಿದ್ದು ವಾಪಸ್ ಕೊಡಿ ಅಂದೆ. 'ನೀವು ಪ್ರಾಜೆಕ್ಟ್ ಬಗ್ಗೆ ಸೀರಿಯಸ್ ಆಗಿಲ್ಲ ಅನ್ಸುತ್ತೆ.' ನಾನು! ಸೀರಿಯಸ್ ಆಗಿಲ್ಲ! ಆಮೇಲೆ ಬ್ಲಾಕ್.

ಶಿವಮೊಗ್ಗದ ಗೆಳತಿಗೆ ಹೇಳಿದರೆ ಬೈದಳು. 'ಗ್ರಾಂಟ್ ಕೊಡೋರು ಯಾವತ್ತಾದರೂ ದುಡ್ಡು ಕೇಳ್ತಾರಾ ಮಾರಾಯ್ತಿ?' ಅವಳು ಪತ್ರಕರ್ತರಿಗೆ ಗ್ರಾಂಟ್ ಕೊಡುವ ಅಮೆರಿಕದ ಪುಲಿಟ್ಜರ್ ಸೆಂಟರ್‌ಗೆ ಅರ್ಜಿ ಹಾಕಿದವಳು. ಅಲ್ಲಿ ಕೇಳೋದು ಬಜೆಟ್, ಹಳೆಯ ಬರಹ, ಮುಖ್ಯವಾಗಿ 'ಇದನ್ನು ನಾವು ಪ್ರಕಟಿಸ್ತೀವಿ' ಅಂತ ಒಬ್ಬ ಸಂಪಾದಕರ ಪತ್ರ. ಫೀಸು ಇಲ್ಲ. ನನ್ನವರು ಇದು ಎಲ್ಲಿ ಪ್ರಕಟ ಆಗುತ್ತೆ ಅಂತ ಒಂದು ಸಲವೂ ಕೇಳಲಿಲ್ಲ. ನನಗೆ ಅದು ಹೊಳೆಯಲೂ ಇಲ್ಲ.

ಕೇಳಿದ್ದು ಇನ್ನೊಂದನ್ನ. 'ವೆರಿಫಿಕೇಶನ್‌ಗೆ' ಅಂತ ನಾನು ಮಾತಾಡಿಸಿದವರ ಹೆಸರು, ಫೋನ್ ನಂಬರ್. ಕೊಟ್ಟೆ. 14 ಜನರದ್ದು. ಹೌದು, ಕೊಟ್ಟೆ. ಬೈಯಬೇಕು ಅನ್ನಿಸಿದರೆ ಬೈಯಿರಿ.

ಕಳೆದ ವಾರ ಆ ಊರಿನ ಹೆಂಗಸೊಬ್ಬರ ಫೋನ್. 'ನಿಮ್ಮ ಆಫೀಸಿನೋರು ಫೋನ್ ಮಾಡಿದ್ರಮ್ಮ. ಕೂಲಿ ಹೋದೋರಿಗೆ ದುಡ್ಡು ಬರ್ತದಂತೆ. ಆಧಾರ್ ನಂಬರ್ ಕೇಳಿದ್ರು, ಹೇಳ್ದೆ. ಏನೋ ಓಟಿಪಿ ಅಂದ್ರು, ನಂಗೆ ಅದು ತಿಳೀಲಿಲ್ಲ.' ತಿಳಿಯದೇ ಇದ್ದದ್ದೇ ಬಚಾವ್. ನಂಗೆ ಆಫೀಸೇ ಇಲ್ಲ ಅಂತ ಅವರಿಗೆ ಹೇಗೆ ಹೇಳೋದು?

ದುಡ್ಡು ಕೇಳಿದ ಕೂಡಲೇ ಬಿಟ್ಟುಬಿಡಿ. ಎಷ್ಟು ಚೆನ್ನಾಗಿ ಮಾತಾಡಿದರೂ ಬಿಡಿ. ನಿಮಗೆ ಮಾಹಿತಿ ಕೊಟ್ಟವರ ನಂಬರ್ ಯಾರಿಗೂ ಕೊಡಬೇಡಿ. ಹಣ ಹೋದರೆ ಆ ಗಂಟೆಯಲ್ಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ಮರ್ಯಾದೆ ಅಂತ ಆರು ದಿನ ಕಾದೆ. ದೂರು ಬರೆದುಕೊಂಡಿದ್ದಾರೆ, ಅಷ್ಟೇ.

14 ಜನರಲ್ಲಿ 11 ಜನಕ್ಕೆ ಫೋನಲ್ಲಿ ಹೇಳಿದ್ದೇನೆ. ಮೂವರದ್ದು ಸ್ವಿಚ್ ಆಫ್ ಬರ್ತಿದೆ. ಸೋಮವಾರ ಬೆಳಗ್ಗೆ ಪಾವಗಡದ ಬಸ್ ಹತ್ತುತ್ತಿದ್ದೇನೆ.